ಕ್ಯಾಮಿಲಸರಿಗೊಂದು ಸ್ಟೆಪ್ನಿ

ದುಬೈಯಲ್ಲಿ ಚಳಿಗಾಲಕ್ಕೆಂದು ಕಾರಿನ ಟೈರು ಬದಲಿಸಿದ ಮೊದಲ ಮನುಷ್ಯ ತಾವೇ ಇರಬೇಕೆಂದು ಕ್ಯಾಮಿಲಸರಿಗೆ ಆಮೇಲೆ ಅನ್ನಿಸಿತು. ಇಲ್ಲಿ ಚಳಿಗಾಲವೆಂದರೆ ಏಸಿ ಆರಿಸಿ ಕಿಟಕಿ ತೆರೆಯುವ ಕಾಲ, ಅಷ್ಟೇ. ಆದರೆ ಕೆಲಸದಿಂದ ನಿವೃತ್ತನಾಗಿ ಒಂಟಿಯಾಗಿರುವವನ ಕೈಗೆ ಮೊಬೈಲು ಸಿಕ್ಕಿದರೆ ಅವನು ಯಾವ ವಿಷಯದಲ್ಲೂ ಪಂಡಿತನಾಗಬಲ್ಲ. ಕೆನಡಾದ ಯಾವನೋ ಹಿಮದ ರಾಶಿಯ ನಡುವೆ ನಿಂತು, ರನ್‌ಫ್ಲ್ಯಾಟ್ ಟೈರು ಚಳಿಗೆ ಕಲ್ಲಿನಂತಾಗುತ್ತದೆ ಎಂದು ವಿವರಿಸುವ ವೀಡಿಯೊವನ್ನು ಅವರು ಅಲ್ ಕುಸೈಸಿನ ತಮ್ಮ ಫ್ಲ್ಯಾಟಿನಲ್ಲಿ ಬರೀ ಬನಿಯನ್ನಿನಲ್ಲಿ ಕುಳಿತು ನೋಡಿ, ಹೌದು ಹೌದೆಂದು ತಲೆಯಾಡಿಸಿದ್ದರು.

ನಿಜವಾದ ಕಾರಣ ಬೇರೆ ಇತ್ತು. ಹೆಂಡತಿ ಎವ್ಲಿನ್ ತೀರಿಕೊಂಡು ಜನವರಿಗೆ ವರ್ಷ ತುಂಬುತ್ತಿತ್ತು. ವರ್ಷದ ಪೂಜೆಯನ್ನು ರಾಸ್ ಅಲ್ ಖೈಮಾದ ಇಗರ್ಜಿಯಲ್ಲಿ ಇಟ್ಟುಕೊಂಡಿದ್ದರು. ನರ್ಸಾಗಿ ಈ ದೇಶಕ್ಕೆ ಬಂದಾಗ ಅವಳು ಮೊದಲು ಇದ್ದದ್ದು ಆ ಊರಿನಲ್ಲಿ. ಆ ಇಗರ್ಜಿಯಲ್ಲಿ ಹಾಡಿದವಳು. ಪೂಜೆಗೆಂದೇ ಅವಳ ಅಕ್ಕ ಕ್ರಿಸ್ಟಿನಾ ಬಾಯಿ ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ತಾಯಿ ಬೇಗ ಹೋದ ಮನೆಯಲ್ಲಿ ಎವ್ಲಿನ್‌ಳಿಗೆ ಜಡೆ ಹೆಣೆದು ಶಾಲೆಗೆ ಕಳುಹಿಸಿದವರು ಅವರೇ. ಅವರು ಆ ದಿನ ತಮ್ಮ ಪಕ್ಕದಲ್ಲಿ ಮೊಣಕಾಲೂರಬೇಕು ಎಂಬುದೊಂದೇ ಕ್ಯಾಮಿಲಸರ ಆಸೆ. ಎವ್ಲಿನ್‌ಳನ್ನು ತಮಗಿಂತ ಮೊದಲಿನಿಂದ ಬಲ್ಲವರು ಅವರನ್ನು ಬಿಟ್ಟರೆ ಈ ಭೂಮಿಯ ಮೇಲೆ ಇನ್ನು ಯಾರೂ ಉಳಿದಿರಲಿಲ್ಲ.

ಆದರೆ ಕ್ರಿಸ್ಟಿನಾ ಬಾಯಿಯ ಬೆನ್ನುಮೂಳೆ ಸವೆದಿತ್ತು, ಕ್ಯಾಮಿಲಸರ ಕಾರು ಅದಕ್ಕೆ ಶತ್ರು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿರುವ ಮಗಳು ಮೆಲಿಸ್ಸಾ ಹೊಸದನ್ನು ಕೊಂಡು ಅಪ್ಪನಿಗೆ ಬಿಟ್ಟುಕೊಟ್ಟ ಜರ್ಮನ್ ಕಾರು ಅದು. ಅದರ ರನ್‌ಫ್ಲ್ಯಾಟ್ ಟೈರುಗಳು ಗಾಳಿ ಹೋದರೂ ಗ್ಯಾರೇಜಿನವರೆಗೆ ಓಡುತ್ತವೆ. ಅದಕ್ಕಾಗಿ ಅವುಗಳ ಪಕ್ಕೆಗಳು ಗಟ್ಟಿ. ರಸ್ತೆಯಲ್ಲಿ ಕಡಲೆಕಾಳು ಬಿದ್ದಿದ್ದರೂ ಬೆನ್ನಿಗೆ ವರದಿ ಒಪ್ಪಿಸುತ್ತವೆ. ಏರ್‌ಪೋರ್ಟಿನಿಂದ ಮನೆ ತಲುಪಿದ ಬಾಯಿ ಸೊಂಟ ಹಿಡಿದುಕೊಂಡು ಇಳಿದು ಹೇಳಿದ್ದರು:

"ಕ್ಯಾಮಿಲಸ್, ಇದರಲ್ಲಿ ಇನ್ನೊಮ್ಮೆ ಕೂತರೆ ನನಗೂ ಎವ್ಲಿನ್‌ಗೂ ಒಂದೇ ಪೂಜೆ ಸಾಕಾಗ್ತದೆ. ನೀವೆಲ್ಲ ಹೋಗಿ ಬನ್ನಿ. ನಾನು ಇಲ್ಲೇ ಪ್ರಾರ್ಥನೆ ಮಾಡ್ತೇನೆ."

ಹೀಗಾಗಿ ಕೆನಡಾದವನ ಮಾತು ಕ್ಯಾಮಿಲಸರಿಗೆ ದೈವವಾಣಿಯಂತೆ ಕೇಳಿಸಿತು. ಮರುದಿನವೇ ಮಂಗಳೂರು ಕಡೆಯ ಬ್ಯಾರಿ ಹುಡುಗ ಸಫೀರನ ಟೈರಂಗಡಿಗೆ ಹೋಗಿ ನಾಲ್ಕೂ ಟೈರು ತೆಗೆಸಿ ಸಾದಾ ಟೈರು ಹಾಕಿಸಿದರು. "ವಿಂಟರ್‌ಗೆ" ಎಂದು ಕಾರಣವನ್ನೂ ಹೇಳಿದರು.

"ಅಂಕಲ್, ಸ್ನೋ ಬಿದ್ದರೆ ನನಗೊಂದು ಫೋನ್ ಮಾಡಿ, ಮಕ್ಕಳನ್ನು ಕರ್ಕೊಂಡು ನೋಡ್ಲಿಕ್ಕೆ ಬರ್ತೇನೆ" ಎಂದು ಸಫೀರ್ ನಕ್ಕ. "ಆದ್ರೆ ಒಂದು ಮಾತು. ಇನ್ನು ಗಾಳಿ ಹೋದ್ರೆ ಖಲಾಸ್, ಗಾಡಿ ಅಲ್ಲೇ ನಿಲ್ತದೆ. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಮಾಫಿ, ಇಲ್ಲವೇ ಇಲ್ಲ. ಒಂದು ಹುಡುಕಿ ಇಟ್ಕೊಳ್ಳಿ."

ಸ್ಟೆಪ್ನಿ, ಅಂದರೆ ಕಾರಿನಲ್ಲಿ ಇಟ್ಟುಕೊಳ್ಳುವ ಹೆಚ್ಚಿನ ಚಕ್ರ. ಹಳೆ ಬಿಡಿಭಾಗಗಳ ವ್ಯಾಪಾರ ಮಾಡುವ ಗೆಳೆಯ ಲೆಸ್ಟರನ ಗೋದಾಮಿನಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ಕ್ಯಾಮಿಲಸರು ಕಾರಿನಲ್ಲೇ ಕುಳಿತು ವಾಟ್ಸಾಪು ತೆರೆದು, ಇಂಗ್ಲಿಷಿನ 'ಎಲ್' 'ಇ' ಒತ್ತಿ, ಮೇಲೆ ಬಂದ ಹೆಸರನ್ನು ಮುಟ್ಟಿ, ಇಗರ್ಜಿಯಲ್ಲಿ ಬೈಬಲಿನ ಪತ್ರವಾಚನ ಮಾಡುವ ಗಂಭೀರ ಧ್ವನಿಯಲ್ಲಿ ಹೇಳಿದರು:

"ಮಾರಾಯ, ಒಂದು ಗುಟ್ಟಿನ ಕೆಲಸ. ನನಗೊಂದು ಸ್ಟೆಪ್ನಿ ಬೇಕು. ಹೊಸತೇ ಆಗ್ಬೇಕಂತ ಇಲ್ಲ, ಯಾರಾದ್ರೂ ಇಟ್ಕೊಂಡು ಬಿಟ್ಟದ್ದಾದ್ರೂ ಅಡ್ಡಿಯಿಲ್ಲ. ಗಟ್ಟಿಮುಟ್ಟು ಇದ್ದರೆ ಸಾಕು. ಈ ವಯಸ್ಸಲ್ಲಿ ಅರ್ಧ ದಾರಿಯಲ್ಲಿ ಒಬ್ಬನೇ ನಿಲ್ಲುವ ಧೈರ್ಯ ನನಗಿಲ್ಲ. ಎವ್ಲಿನ್‌ಳ ವರ್ಷದ ಪೂಜೆಗೆ ಮೊದಲು ಆಗ್ಬೇಕು. ಕ್ರಿಸ್ಟಿನಾ ಬಾಯಿಗೆ ಮಾತ್ರ ಹೇಳ್ಬೇಡ, ಗೊತ್ತಾದ್ರೆ ಪೂಜೆಗೇ ಬರ್ಲಿಕ್ಕಿಲ್ಲ."

ಒಮ್ಮೆ ಕೇಳಿ ನೋಡಿದರು. ಉಚ್ಚಾರ ಚೆನ್ನಾಗಿತ್ತು. ಯಾರಿಗೆ ಹೋಗಿದೆ ಎಂಬುದನ್ನು ಮಾತ್ರ ನೋಡಲಿಲ್ಲ. 'ಲೆಸ್ಟರ್' ಎಂಬ ಹೆಸರಿನ ಮೇಲೆ 'ಲೀಜನ್' ಎಂದಿತ್ತು. ಅದು ಇಗರ್ಜಿಯ ಮರಿಯಮಾತೆಯ ಭಕ್ತರ ಕೂಟದ ವಾಟ್ಸಾಪು ಗುಂಪು, ಹೆಚ್ಚಿನವರು ಹೆಂಗಸರು.

ಮನೆಗೆ ಹೋಗುವ ದಾರಿಯಲ್ಲಿ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಸಿಗ್ನಲ್ಲಿನಲ್ಲಿ ನಿಂತಾಗ ಕಣ್ಣು ಹಾಯಿಸಿದರೆ ಬರೀ ಮುಗಿದ ಕೈಗಳ ಚಿತ್ರ. ಕೂಟದ ಮುಖ್ಯಸ್ಥೆ ಜೆಸ್ಸಿಕಾ, "ಅಂಕಲ್, ನಿಮಗಾಗಿ ಪ್ರಾರ್ಥಿಸುತ್ತೇವೆ. ಇಂಥ ಶೋಧನೆ, ಪರೀಕ್ಷೆ ಎಲ್ಲರಿಗೂ ಬರುತ್ತದೆ" ಎಂದು ಬರೆದಿದ್ದಳು. ಯಾರ ಮನೆಯಲ್ಲೋ ಕಾಯಿಲೆಯಿರಬೇಕು, ತಮ್ಮನ್ನೂ ಸೇರಿಸಿ ಪ್ರಾರ್ಥಿಸುತ್ತಿದ್ದಾರೆ ಎಂದುಕೊಂಡ ಕ್ಯಾಮಿಲಸರು ಆ ಮಕ್ಕಳ ಭಕ್ತಿಗೆ ಮನಸ್ಸಿನಲ್ಲೇ ಕೈ ಮುಗಿದರು.

ಮನೆಯ ಬಾಗಿಲು ತೆರೆದಾಗ ಅಡಿಗೆಮನೆಯಿಂದ ಗಂಭೀರವಾದ ಗಂಡಸಿನ ಧ್ವನಿ ಕೇಳಿಸಿತು. "ಗಟ್ಟಿಮುಟ್ಟು ಇದ್ದರೆ ಸಾಕು," ಎನ್ನುತ್ತಿತ್ತು. ಪರಿಚಿತ ಧ್ವನಿ. ಮೊನ್ನೆಯಷ್ಟೇ ಲೀಜನ್‌ಗೆ ಸೇರಿಸಲ್ಪಟ್ಟಿದ್ದ ಕ್ರಿಸ್ಟಿನಾ ಬಾಯಿ ಫೋನನ್ನು ಕಿವಿಗಿಟ್ಟುಕೊಂಡು ಒಲೆಯ ಮುಂದೆ ನಿಂತಿದ್ದರು.

"ನನ್ನ ತಂಗಿಯ ಗೋರಿಯ ಮಣ್ಣು ಇನ್ನೂ ಕೂತಿಲ್ಲ. ಸ್ಟೆಪ್ನಿ ಬೇಕಾ ನಿನಗೆ?"

ಲೆಸ್ಟರನೇ ಆ ಸಂದೇಶವನ್ನು ಇವರಿಗೆ ಕಳುಹಿಸಿ ಗುಟ್ಟು ಬಿಟ್ಟುಕೊಟ್ಟನೆಂದುಕೊಂಡರು ಕ್ಯಾಮಿಲಸರು. "ಬೇಕಲ್ಲ ಬಾಯಿ. ನಮ್ಮ ಭಾರವೆಲ್ಲ ತಡೀಬೇಕಲ್ಲ."

"ತಂದು ಎಲ್ಲಿ ಇಡ್ತಿ?"

"ಹಿಂದಿನ ಸೀಟಲ್ಲಿ. ಬೆಲ್ಟ್ ಕಟ್ಟಿ."

"ಬೆಲ್ಟ್ ಕಟ್ಟಿ! ಎವ್ಲಿನ್‌ಳ ಪೂಜೆಗೂ ಕರ್ಕೊಂಡು ಹೋಗ್ತೀಯಾ?"

"ಅದಿಲ್ಲದೆ ಹೇಗೆ ಹೋಗುವುದು ಬಾಯಿ? ಇದ್ದದ್ದು ನಡುದಾರಿಯಲ್ಲಿ ಹೋದರೆ?"

ಕ್ರಿಸ್ಟಿನಾ ಬಾಯಿ ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. "ಹಾಗಾದ್ರೆ ನಾನು ಬರುವುದಿಲ್ಲ. ಮೆಲಿಸ್ಸಾನ ಹತ್ರ ಹೇಳಿ ಟಿಕೆಟ್ ಮಾಡ್ಸು. ನಾನು ಊರಿಗೆ ಹೋಗ್ತೇನೆ."

ಅವರ ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ನೋಡಿದ ಮೇಲೆ ಕ್ಯಾಮಿಲಸರ ತಲೆಗೆ ಬೆಳಕು ಹೊಕ್ಕಿತು. ಊರಿನ ಬಸ್‌ಸ್ಟ್ಯಾಂಡಿನ ಭಾಷೆಯಲ್ಲಿ ಸ್ಟೆಪ್ನಿ ಎಂದರೆ ಗಂಡಸು ಕದ್ದು ಇಟ್ಟುಕೊಂಡ ಹೆಂಗಸು. ಈ ಅರ್ಥ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ತಮ್ಮ ಮುಖಕ್ಕೂ ಆ ಅರ್ಥಕ್ಕೂ ಯಾರಾದರೂ ಗಂಟು ಹಾಕಿಯಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ, ರಾತ್ರಿ ಹಲ್ಲು ಬಿಚ್ಚಿ ನೀರಿನಲ್ಲಿ ಇಡುವ ಮನುಷ್ಯ. ಸಂದೇಶ ಹೋದದ್ದು ಲೀಜನ್‌ಗೆ ಎಂಬುದೂ ಈಗ ಹೊಳೆಯಿತು. ದುಬೈಯ ಅರ್ಧ ಭಕ್ತವೃಂದ ಅವರ ಚಾರಿತ್ರ್ಯಕ್ಕಾಗಿ ಪ್ರಾರ್ಥಿಸುತ್ತಿತ್ತು.

"ಟೈರು, ಬಾಯಿ! ದೇವರಾಣೆ, ಟೈರು!"

"ಟೈರಿಗೆ ಗುಟ್ಟು ಯಾಕೆ?"

"ಸಾದಾ ಟೈರು ಹಾಕ್ಸಿದ್ದೇನೆ. ಪಂಕ್ಚರಾದ್ರೆ ಮರಳಿನ ನಡುವೆ ನಿಲ್ಬೇಕಾಗ್ತದೆ. ಅದು ಗೊತ್ತಾದ್ರೆ ನೀವು ಬರ್ಲಿಕ್ಕಿಲ್ಲ ಅಂತ."

"ಇದ್ದ ಟೈರು ಯಾಕೆ ತೆಗೆದದ್ದು?"

ಕೆನಡಾದ ಚಳಿಯ ಮಾತು ನಾಲಿಗೆಯ ತುದಿಗೆ ಬಂತು. ಕ್ಯಾಮಿಲಸರು ಅದನ್ನು ನುಂಗಿಕೊಂಡರು. "ನಿಮ್ಮ ಬೆನ್ನಿಗೆ, ಬಾಯಿ. ಇಗರ್ಜಿಯ ಆ ಬೆಂಚಲ್ಲಿ ನಾನೊಬ್ಬನೇ ಕೂರ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಬಾಯಿ ಒಲೆ ಆರಿಸಿ, ಶಾಲು ಹೊದ್ದುಕೊಂಡು, "ನಡೆ, ತೋರ್ಸು" ಎಂದರು.

ಕಾರಿನಲ್ಲಿ ಸ್ಟೆಪ್ನಿ ಇಲ್ಲವೆಂದು ತೋರಿಸಲು ಪಾರ್ಕಿಂಗಿನಲ್ಲಿ ಡಿಕ್ಕಿ ತೆರೆದು ಜಮಖಾನೆ ಎತ್ತಿದರೆ ಅದನ್ನು ಇಡುವ ಗುಂಡಿಯೇ ಅಲ್ಲಿರಲಿಲ್ಲ. ರನ್‌ಫ್ಲ್ಯಾಟಿನ ಕಾರಿಗೆ ಅದನ್ನು ಮಾಡಿರುವುದೇ ಇಲ್ಲ. "ಇಡ್ಲಿಕ್ಕೆ ಜಾಗವೇ ಇಲ್ವಲ್ಲ" ಎಂದ ಬಾಯಿಯ ಹುಬ್ಬು ಮತ್ತೆ ಗಂಟಾಯಿತು. ತಾವು ತಂದ ಸಾಕ್ಷಿಯೇ ತಮ್ಮ ವಿರುದ್ಧ ನಿಂತಾಗ ಕ್ಯಾಮಿಲಸರಿಗೆ ಉಳಿದ ದಾರಿ ಒಂದೇ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಯ ಹಿಂದಿನ ರಸ್ತೆಗೆ ಹೋದರು. ಅಲ್ಲಿಯ ಹಂಪುಗಳು ಆ ಬಡಾವಣೆಗೆಲ್ಲ ಕುಖ್ಯಾತ. ಮೊದಲ ಹಂಪು ಕಂಡಾಗ ಬಾಯಿ ಕಣ್ಣು ಮುಚ್ಚಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಕಾರು ದೋಣಿಯಂತೆ ಏರಿ ಇಳಿಯಿತು. ಎರಡನೆಯದಕ್ಕೆ ಕಣ್ಣು ತೆರೆದರು. ಮೂರನೆಯದು ದಾಟುವಾಗ ಅವರ ಹೊಟ್ಟೆ ಕುಲುಕತೊಡಗಿತು.

"ಬೆಲ್ಟ್ ಕಟ್ಟಿ ಕೂರಿಸ್ತೇನೆ ಅಂದಿಯಲ್ಲ ನೀನು!" ನಗು ತಡೆಯಲಾಗದೆ ಶಾಲಿನಲ್ಲಿ ಮುಖ ಮುಚ್ಚಿಕೊಂಡರು. ಆ ನಗು ಎಲ್ಲಿ ಅಳುವಾಯಿತೆಂದು ಕ್ಯಾಮಿಲಸರಿಗೆ ತಿಳಿಯಲಿಲ್ಲ. ಅವರು ಕಾರನ್ನು ಬದಿಗೆ ನಿಲ್ಲಿಸಿದರು. ಕೊನೆಗೆ ಬಾಯಿ ಮೂಗೊರಸಿಕೊಂಡು, ಫೋನು ಹಿಡಿದು ಲೀಜನ್‌ಗೆ ಹೇಳಿದರು: "ಜೆಸ್ಸಿಕಾ, ಅದು ಟೈರು ಮಾರಾಯ್ತಿ. ಪ್ರಾರ್ಥನೆ ನಿಲ್ಲಿಸುವುದು ಬೇಡ, ಈ ಮನುಷ್ಯನಿಗೆ ಬುದ್ಧಿ ಬರ್ಲಿ ಅಂತ ಮುಂದುವರಿಸಿ."

ಎಲ್ಲೆಡೆ ಹರಡಿದ ಸುದ್ದಿ ಕೇಳಿ ಲೆಸ್ಟರ್ ಮಾರನೆಯ ದಿನ ಚಕ್ರವನ್ನು ತಂದುಕೊಟ್ಟ. ಸಿಕ್ಕ ಅವಕಾಶ ಬಿಡುವವನಲ್ಲ ಅವನು. ಅದಕ್ಕೊಂದು ಮಲ್ಲಿಗೆ ಹಾರ ಹಾಕಿಯೇ ತಂದಿದ್ದ. ಕ್ಯಾಮಿಲಸರು ಎರಡೂ ಕೈಯಿಂದ ಸ್ವೀಕರಿಸಿದರು.

ಪೂಜೆಯ ಬೆಳಿಗ್ಗೆ ಹೆದ್ದಾರಿಯ ಮೇಲೆ ಮಂಜು ದಟ್ಟವಾಗಿತ್ತು. ಮೆಲಿಸ್ಸಾ ಅಬುಧಾಬಿಯಿಂದ ನೇರವಾಗಿ ಹೊರಟಿದ್ದಳು. ಇಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿದ ಸ್ಟೆಪ್ನಿ, ಮುಂದಿನ ಸೀಟಿನಲ್ಲಿ ಕ್ರಿಸ್ಟಿನಾ ಬಾಯಿ. ವರ್ಷವಿಡೀ ಆ ಸೀಟಿನಲ್ಲಿ ಯಾರೂ ಕೂರದಂತೆ ಕ್ಯಾಮಿಲಸರು ಏನಾದರೊಂದು ನೆಪ ಹೇಳುತ್ತ ಬಂದಿದ್ದರು. ಈಗ ನೆಪ ಹೇಳುವುದು ನೆನಪಾಗಲೇ ಇಲ್ಲ. ಶಾರ್ಜಾ ದಾಟಿದ ಮೇಲೆ ಬಾಯಿ ಜಪಸರ ತೆಗೆದು "ನಮಾನ್ ಮರಿಯೆ" ಎಂದು ಕೊಂಕಣಿಯಲ್ಲಿ ಮರಿಯಮಾತೆಯ ಜಪ ಆರಂಭಿಸಿದರು. ಅರ್ಧ ಒಬ್ಬರು ಹೇಳಬೇಕು, ಉಳಿದರ್ಧ ಇನ್ನೊಬ್ಬರು. ಕ್ಯಾಮಿಲಸರು ತುಟಿ ಬಿಚ್ಚಿದರು. ಪತ್ರವಾಚನದ ಆ ಗಂಭೀರ ಧ್ವನಿ ಎಲ್ಲಿ ಹೋಯಿತೋ, ಗಂಟಲಿನಿಂದ ಒಂದು ಅಕ್ಷರವೂ ಹೊರಡಲಿಲ್ಲ.

ಬಾಯಿ ಅವರ ಕಡೆ ತಿರುಗಲಿಲ್ಲ.

"ನೀನು ರಸ್ತೆ ನೋಡು," ಎಂದರು. "ಎರಡೂ ಭಾಗ ನಾನೇ ಹೇಳ್ತೇನೆ."