ಅಕ್ಕ ತೊಳೆದ ನಳಿಕೆ

ಆ ಲ್ಯಾಬಿನಲ್ಲಿ ದೊಡ್ಡ ದೊಡ್ಡ ಡಿಗ್ರಿಯವರಿಗೇನೂ ಬರವಿರಲಿಲ್ಲ. ಆದರೂ ಧಾನ್ಯ ಪರೀಕ್ಷೆ ಮಾಡುವ ಕೆಮಿಸ್ಟ್ ಹುಡುಗಿ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದದ್ದು ಗಾಜಿನ ನಳಿಕೆ ತೊಳೆಯುವ ಅಕ್ಕನಿಗೆ. ಆಸಿಡ್‌ನಲ್ಲಿ ದಿನವಿಡೀ ನೆನೆಸಿ, ಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವಳು. ಮನಸ್ಸಿಗೆ ಬರಲಿಲ್ಲವೋ, ಮತ್ತೆ ಮೊದಲಿಂದ ಶುರು. ನಳಿಕೆಯಲ್ಲಿ ಕೊಳೆ ಉಳಿದರೆ ಯಂತ್ರ ಅದನ್ನೇ ಧಾನ್ಯದ ವಿಷ ಅಂತ ತೋರಿಸಿಬಿಡುತ್ತದೆ. ಏಳು ವರ್ಷದಲ್ಲಿ ಅಕ್ಕನ ಒಂದು ನಳಿಕೆಯೂ ಕೈಕೊಟ್ಟಿರಲಿಲ್ಲ.

ಈ ಸಲ ಹದಿನಾಲ್ಕನೇ ಗೋಧಿ ಸ್ಯಾಂಪಲ್‌ನಲ್ಲಿ ಸೀಸದ ಅಂಶ ಮಿತಿಗಿಂತ ಆರು ಪಟ್ಟು ಬಂತು. ಬೆಳೆದವನಿಗೆ ನೋಟಿಸ್ ಹೋಯಿತು: ಅಷ್ಟೂ ಗೋಧಿ ನಾಶ ಮಾಡಬೇಕು. ಮೂರನೇ ದಿನ ಅವನೇ ಬಂದು ನಿಂತ. ನೋಡಿದರೆ, ಅಕ್ಕನ ಒಡಹುಟ್ಟಿದ ತಮ್ಮ! ಅವನ ಹೊಲದ ಮೇಲುಗಡೆಗೇ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡಂತೆ.

ಮೇಲಧಿಕಾರಿ ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಡುವ ಆಸಾಮಿ. ತಮ್ಮನ ಎದುರಿಗೇ ಅಕ್ಕನನ್ನು ಕರೆಸಿ ಹೇಳಿದರು. "ಆ ನಳಿಕೆ ಸರಿಯಾಗಿ ತೊಳೆದಿರಲಿಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ರಿಪೋರ್ಟ್ ರದ್ದು ಮಾಡ್ತೀನಿ. ಮತ್ತೆ ಪರೀಕ್ಷೆ ಆಗೋಕೆ ತಿಂಗಳು ಹಿಡಿಯುತ್ತೆ."

ಅಷ್ಟರಲ್ಲಿ ಗೋಧಿ ಮಾರಾಟವಾಗಿ ಊರವರ ಹೊಟ್ಟೆ ಸೇರಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ," ಅಂದ ತಮ್ಮ. "ವರ್ಷದ ದುಡಿಮೆ ಕಣೇ."

ಅಕ್ಕ ಒದ್ದೆ ಕೈ ಒರೆಸಿಕೊಂಡಳು.

"ಚೆನ್ನಾಗೇ ತೊಳೆದಿದ್ದೆ ಕಣೋ."

ತಮ್ಮ ಅವಳ ಮುಖ ಕೂಡ ನೋಡದೆ ಹೊರಟುಹೋದ. ಅವಳು ತೊಟ್ಟಿಯ ಹತ್ತಿರ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಇಷ್ಟು ಗಟ್ಟಿ ಜೀವವನ್ನು ತಾನು ಕಂಡೇ ಇಲ್ಲ ಅನ್ನಿಸಿತು ಕೆಮಿಸ್ಟ್‌ಗೆ.

ಮರುದಿನ ಬೆಳಗ್ಗೆ ಕೆಮಿಸ್ಟ್ ಬರುವಷ್ಟರಲ್ಲಿ ಮೇಜಿನ ಮೇಲೆ ಒಂದು ಹಿಟ್ಟಿನ ಡಬ್ಬ ಇತ್ತು. ಪಕ್ಕದಲ್ಲಿ ಅಕ್ಕ ನಿಂತಿದ್ದಳು.

"ನಮ್ಮನೇದು. ವರ್ಷಾ ವರ್ಷಾ ತಮ್ಮ ಕಳಿಸೋ ಗೋಧೀನೇ ನಾವು ತಿನ್ನೋದು. ಮೊಮ್ಮಗಳೂ ತಿಂತಾಳೆ," ಅಂದಳು. ಆಮೇಲೆ ಬೆಳಕಿಗೆ ಹಿಡಿದು ನೋಡಿದ ಒಂದು ನಳಿಕೆಯನ್ನು ಡಬ್ಬದ ಪಕ್ಕ ಇಟ್ಟಳು. "ಇದನ್ನೂ ನೋಡಿಬಿಡಮ್ಮ. ನಳಿಕೆ ಚೆನ್ನಾಗಿ ತೊಳೆದಿದ್ದೀನಿ."