ಕುದುರೆಯ ಹೆಗಲೆಲುಬು

ಮಗಳ ಒಂದು ಜಡೆ ಮುಗಿದು ಇನ್ನೊಂದಕ್ಕೆ ಬೈತಲೆ ತೆಗೆಯುತ್ತಿದ್ದಾಗ ಫೋನು ಹೊಡೆದುಕೊಂಡಿತು. ಪಶುವೈದ್ಯ ಕಾಲೇಜಿನ ಮುಖ್ಯಸ್ಥ.

"ನೋಡಮ್ಮಾ, ಪರಿಶೀಲನೆಯವರು ನಾಳೆ ಅಲ್ಲ, ಇವತ್ತೇ ಬರ್ತಿದಾರೆ. ಬೇಗ ಬಂದು ಕುದುರೆ ಧೂಳು ಒರೆಸಿಬಿಡು."

"ಬಂದೆ ಸರ್," ಎಂದಳು, ಬೆಣ್ಣೆಯಂಥ ದನಿಯಲ್ಲಿ. ಸ್ಕೂಲಿಗೆ ರಜೆ. ಒಂಟಿ ಜಡೆಯ ಮಗಳನ್ನೂ ಕರೆದುಕೊಂಡೇ ಹೊರಟಳು.

ಆ ಕುದುರೆಯ ಅಸ್ಥಿಪಂಜರ ಅವಳ ಎರಡು ವರ್ಷ ತಿಂದಿತ್ತು. ಬೇಯಿಸಿ, ಕೊಬ್ಬು ಬಿಡಿಸಿ, ಬಿಸಿಲಿಗಿಟ್ಟು, ಇನ್ನೂರು ಚಿಲ್ಲರೆ ಮೂಳೆಗಳನ್ನು ಕಟ್ಟಿ ನಿಲ್ಲಿಸಿದವಳು ಅವಳು. ಹೋದ ವಾರ ಪೀಠಕ್ಕೆ ಹಿತ್ತಾಳೆ ಫಲಕ ಬಂತು. ಜೋಡಿಸಿದವರು ಎಂದಿರುವ ಕಡೆ ಮುಖ್ಯಸ್ಥನ ಹೆಸರು. ಕೇಳಿದ್ದಕ್ಕೆ ಆತ ಎಲ್ಲರೆದುರು ನಕ್ಕಿದ್ದ: "ಮೂಳೆ ಬೇಯ್ಸಿದೋರ ಹೆಸರು ಹಾಕಿದ್ರೆ ಒಲೆ ಹೆಸರೂ ಹಾಕ್ಬೇಕಾಗುತ್ತೆ!"

ಅವಳೂ ನಕ್ಕಿದ್ದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಿರುಪು ಬಿಚ್ಚಿ, ಎಡದ ಹೆಗಲೆಲುಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದಳು. ಪರಿಶೀಲನೆಗೆ ಬಂದವರು ಕಂಡುಹಿಡಿಯಲಿ. ಆ ಹಿತ್ತಾಳೆಯ ಮುಂದೆಯೇ ಆತನ ಮಾನ ಹೋಗಲಿ.

ಧೂಳು ಒರೆಸುವಾಗ ಮಗಳು ಫಲಕ ಓದಿದಳು. ಆಮೇಲೆ ತಲೆಯೆತ್ತಿ ಹೆಗಲನ್ನೇ ನೋಡತೊಡಗಿದಳು. ಇತರ ಮಕ್ಕಳು ಗೊಂಬೆ ಹಿಡಿಯುವ ವಯಸ್ಸಿಗೆ ಇವಳ ಕೈಗೆ ಮೂಳೆ ಬಂದಿತ್ತು. 'ತೂತಿದ್ದರೆ ಅಲ್ಲಿ ರಕ್ತನಾಳ ಹಾದಿತ್ತು, ಒರಟು ಉಬ್ಬಿದ್ದರೆ ಸ್ನಾಯು ಕಚ್ಚಿ ಹಿಡಿದಿತ್ತು. ಹೆಗಲೆಲುಬಿನ ನಡುವೆ ಎದ್ದು ನಿಂತಿರುವುದು ಏಣು. ಏಣಿನ ಮುಂದಿನ ತಗ್ಗು ಕಿರಿದು, ಹಿಂದಿನದು ಅಗಲ.' ಅಮ್ಮ ಕಲಿಸಿದ್ದು ಅವಳಿಗೆ ಬಾಯಿಪಾಠ.

"ಅಮ್ಮಾ, ಇಲ್ಲಿ..."

"ಶ್! ದೊಡ್ಡೋರು ಬರ್ತಿದಾರೆ. ಉಸಿರೆತ್ತಬೇಡ."

ಮೂವರು ಬಂದರು. ಮುಖ್ಯಸ್ಥ ಕೋಲು ಹಿಡಿದು ಮೂತಿಯಿಂದ ಬಾಲದವರೆಗೆ ತೋರಿಸಿದ. "ಒಂದೊಂದು ಮೂಳೆನೂ ಈ ಕೈಯಲ್ಲೇ ಜೋಡಿಸಿದ್ದು," ಎಂದ. ಕೋಲು ಹೆಗಲ ಏಣನ್ನೇ ಸವರಿಕೊಂಡು ಹೋಯಿತು. ಮೂವರೂ ತಲೆಯಾಡಿಸಿದರು. ಒಬ್ಬ ಗಡಿಯಾರ ನೋಡಿಕೊಂಡ. "ಅಚ್ಚುಕಟ್ಟಾಗಿದೆ," ಎಂದ ಇನ್ನೊಬ್ಬ.

ಅವಳು ಮನಸ್ಸಿನಲ್ಲೇ ಶಪಿಸಿದಳು. ಕಣ್ಣಿದ್ದೂ ಕುರುಡರು! ವಾರವಿಡೀ ಕಾದದ್ದು ಇದಕ್ಕೇನು?

ಅವರು ಬಾಗಿಲ ಕಡೆ ತಿರುಗಿದರು. ಮಗಳ ಭುಜದ ಮೇಲೆ ಅವಳ ಕೈಯಿತ್ತು. ಆ ಪುಟ್ಟ ಎದೆ ಮಾತನ್ನು ತಡೆಹಿಡಿದು ಏರಿಳಿಯುವುದು ಬೆರಳಿಗೆ ತಿಳಿಯುತ್ತಿತ್ತು. ಒಂದು ಸಲ ಮೆಲ್ಲಗೆ ಒತ್ತಿದರೆ ಸಾಕು, ಸುಮ್ಮನಾಗುತ್ತಾಳೆ. ಎಳೆಯ ಕೂಸನ್ನು ಇದಕ್ಕೆ ಎಳೆಯಬೇಕೆ ಎಂದು ಒಂದು ಕ್ಷಣ ಅನ್ನಿಸಿತು.

ಒಲೆಯ ಮಾತು ನೆನಪಾಯಿತು. ಅವಳು ಕೈ ತೆಗೆದಳು.

"ಸರ್," ಒಂಟಿ ಜಡೆಯ ಹುಡುಗಿ ಗಟ್ಟಿಯಾಗಿ ಕೇಳಿದಳು, "ಇದನ್ನ ನೀವೇ ಜೋಡಿಸಿದ್ದಾದ್ರೆ, ಹೆಗಲೆಲುಬಿನ ಅಗಲದ ತಗ್ಗು ಮುಂದಕ್ಕೆ ಯಾಕೆ ಬಂತು?"