ಧ್ವನಿಯ ಗುರುತು

“ಆ ದನಿ ಬೇರೆ ಯಾರಾದ್ರೂ ಕೇಳಿ ಹೇಳಿದ್ರೆ ಆಗಲ್ವೇನಮ್ಮ?” ಎಂದು ಮೇವಿಸ್ ಮತ್ತೊಮ್ಮೆ ಕೇಳಿದಳು.

ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ವಕೀಲೆ ಹ್ಯಾರಿಯೆಟ್ ಆಗದೆಂದು ತಲೆಯಾಡಿಸಿದಳು. “ನಿಮ್ಮ ತಂಗಿ ಹೇಳಿದ್ರೆ, ತನ್ನ ಮಗನ್ನ ಬಿಡಿಸ್ಕೊಳ್ಳೋಕೆ ಸುಳ್ಳು ಹೇಳ್ತಾಳೆ ಅಂತಾರೆ. ಈಗ ಯಂತ್ರದಲ್ಲಿ ಯಾರ ಧ್ವನಿ ಬೇಕಾದ್ರೂ ಹುಟ್ಟಿಸಬಹುದಲ್ಲ, ಸರ್ಕಾರಿ ವಕೀಲರು ಅದನ್ನೇ ಹಿಡ್ಕೊಂಡಿದಾರೆ. ನೀವು ತೀರ್ಕೊಂಡವನನ್ನ ಹೆತ್ತವರು. ನಿಮ್ಮ ಮಾತು ನಂಬ್ತಾರೆ.”

ಮರಳುಗಾಡಿನ ದಾರಿಯಲ್ಲಿ ಕಾರು ಮಗುಚಿ ಮೇವಿಸಳ ಮಗ ತೀರಿಕೊಂಡಿದ್ದ. ಜೊತೆಗಿದ್ದ ಕ್ಲಿಫ್ಟನ್, ತಂಗಿ ರೋಂಡಾಳ ಮಗ, ಬದುಕಿಕೊಂಡಿದ್ದ. “ನೀನೇ ಓಡಿಸ್ತಿದ್ದೆಯಾ?” ಎಂದು ಪೊಲೀಸರು ಕೇಳಿದಾಗ ಅವನು ಹೂಂ ಅಂದುಬಿಟ್ಟು ಜೈಲು ಸೇರಿದ್ದ. ಅಲ್ಲ ಎಂದರೆ ಸತ್ತವನ ಹೆಸರೆತ್ತಬೇಕಿತ್ತು. ಅವರ ಬುಡಕಟ್ಟಿನಲ್ಲಿ ದುಃಖದ ಕಾಲ ಮುಗಿಯುವ ತನಕ ಸತ್ತವರ ಹೆಸರು ಆಡಬಾರದು, ಪಟ ನೋಡಬಾರದು, ದನಿ ಕೇಳಬಾರದು. ಕೇಳಿದರೆ ಆ ಜೀವ ತನ್ನ ದಾರಿ ಬಿಟ್ಟು ಹಿಂದಿರುಗಿ ನೋಡುತ್ತದೆ. ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿಗಳು ಕೂಡ ‘ನಮ್ಮನ್ನಗಲಿದವನು’ ಎಂದಷ್ಟೇ ಅನ್ನುತ್ತಿದ್ದರು. ಮೇವಿಸ್ ಅಷ್ಟಕ್ಕೇ ಆಮೆನ್ ಹೇಳುತ್ತಿದ್ದಳು.

ಕಾರು ಮಗುಚುವ ಸ್ವಲ್ಪ ಮುಂಚೆ ಮೇವಿಸಳ ಮಗ ರೋಂಡಾಳ ಫೋನಿಗೆ ಮಾತು ಮುದ್ರಿಸಿ ಕಳಿಸಿದ್ದ. ಅದನ್ನೇ ಈಗ ಒಳಗೆ ಕೇಳಿಸಬೇಕಾಗಿತ್ತು.

“ಅಕ್ಕ, ನಿನ್ನ ಕೇಳ್ಕೊಳ್ಳೋಕೆ ನಂಗೆ ಬಾಯಿಲ್ಲ,” ಎಂದಳು ಆಚೆ ಪಕ್ಕದಲ್ಲಿ ಕೂತಿದ್ದ ರೋಂಡಾ.

“ಬಾಯಿಲ್ಲದೇನೇ ಬೆಳಗ್ಗಿಂದ ಅದನ್ನೇ ಹೇಳ್ತಿದೀಯ,” ಎಂದು ಮೇವಿಸ್ ಅವಳ ಮೊಣಕಾಲು ಹಿಡಿದುಕೊಂಡೇ ಎದ್ದಳು. “ನಡಿ. ಇದ್ದೊಬ್ಬನನ್ನ ದೇವರು ಕರ್ಕೊಂಡ. ಇನ್ನೊಬ್ಬನನ್ನ ಇವರಿಗೆ ಕೊಡೋದು ಬೇಡ.”

ನ್ಯಾಯಾಲಯದ ಒಳಗೆ ಗೋಡೆಯ ಪರದೆಯಲ್ಲಿ ಕ್ಲಿಫ್ಟನ್ ಜೈಲಿನ ಕೋಣೆಯಲ್ಲಿ ಕೂತಿದ್ದು ಕಾಣುತ್ತಿತ್ತು. ಇಳಿದುಹೋಗಿದ್ದ. ಮೇವಿಸ್ ಬೈಬಲ್ ಮುಟ್ಟಿ ಪ್ರಮಾಣ ಮಾಡಿ ಕಣ್ಣು ಮುಚ್ಚಿದಳು. ಗುಮಾಸ್ತ ಗುಂಡಿ ಒತ್ತಿದ.

“ಚಿಕ್ಕಮ್ಮಾ, ನಿನ್ನ ಮಗ ಹಿಂದಿನ ಸೀಟಲ್ಲಿ ಗೊರಕೆ ಹೊಡೀತಿದಾನೆ. ನಾನೇ ಓಡಿಸ್ಕೊಂಡು ಬರ್ತಿದೀನಿ. ಚಹಾ ಇಟ್ಟಿರು.” ಆಮೇಲೆ ಇಂಜಿನ್ ಏದುಸಿರು ಬಿಟ್ಟಿತು. ನಾಲಿಗೆಯಿಂದ ಲಟಲಟ ಸದ್ದು, “ಹತ್ತೇ, ಮುದುಕಿ, ಹತ್ತು.”

ದನ ಕಾಯುತ್ತಿದ್ದ ಅಜ್ಜ ದಿಬ್ಬ ಹತ್ತುವಾಗ ತನ್ನ ಕುದುರೆಗೆ ಹಾಗೆ ಹೇಳುತ್ತಿದ್ದ. ಮೊಮ್ಮಗ ಕಾರಿಗೂ ಹಾಗೇ ಹೇಳುತ್ತಿದ್ದ. ಮೇವಿಸಳ ಕೈ ತಾನಾಗಿಯೇ ಬಾಯಿಗೆ ಹೋಯಿತು.

“ಇದು ಯಾರ ದನಿ?” ಎಂದರು ಸರ್ಕಾರಿ ವಕೀಲರು.

“ನನ್ನ ಮಗಂದು.”

“ಹೆಸರು ಹೇಳಿ.”

ಅವಳು ತಲೆ ತಗ್ಗಿಸಿದಳು. ನ್ಯಾಯಾಧೀಶೆ ಕನ್ನಡಕ ತೆಗೆದು, “ಹೆಸರು ಬೇಡ. ‘ಸಾಕ್ಷಿಯ ಮಗ’ ಅಂತ ಬರ್ಕೊಳ್ಳಿ,” ಎಂದರು.

“ತಪ್ಪೆಲ್ಲ ಅವನ ಮೇಲೆ ಬರುತ್ತೆ. ಗೊತ್ತಾ ನಿಮಗೆ?” ಸರ್ಕಾರಿ ವಕೀಲರ ದನಿ ಈಗ ಮೆತ್ತಗಾಗಿತ್ತು.

“ಬರ್ಲಿ ಸಾಹೇಬ್ರೆ. ಅವನನ್ನ ನಿಮ್ಮ ಜೈಲಲ್ಲಿ ಇಡೋಕಾಗಲ್ವಲ್ಲ.”

ಸರ್ಕಾರಿ ವಕೀಲರು ನ್ಯಾಯಾಧೀಶೆಯತ್ತ ತಿರುಗಿದರು. ಕ್ಲಿಫ್ಟನ್‌ನನ್ನು ಅಂದೇ ಬಿಡಲು ತಮ್ಮ ಅಡ್ಡಿಯಿಲ್ಲ ಎಂದರು. ನ್ಯಾಯಾಧೀಶೆ ಅದರಂತೆ ಆಜ್ಞೆ ಓದಿದರು. ರೋಂಡಾ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು.

ಪರದೆಯಲ್ಲಿದ್ದವನಿಗೆ ಮಾತ್ರ ಏನೂ ತಿಳಿಯಲಿಲ್ಲ. ದನಿ ಶುರುವಾದೊಡನೆ ಎರಡೂ ಕಿವಿ ಮುಚ್ಚಿ ಬಗ್ಗಿದವನು ಹಾಗೇ ಕೂತಿದ್ದ. ಹೆಸರು ಹಿಡಿದು ಕರೆದರೂ ತಲೆ ಎತ್ತಲಿಲ್ಲ.

ಮೇವಿಸ್ ಕಟಕಟೆಯಿಂದ ಇಳಿದು ಕ್ಯಾಮೆರಾದ ಎದುರು ಹೋಗಿ ನಿಂತಳು. ಅವರ ಜನರಲ್ಲಿ ಸಾವಿನ ಮನೆಯ ಹೆಂಗಸರು ಮಾತು ಬಿಟ್ಟು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು, ಹಾಗೆ ಅಂಗೈ ಮೇಲೆತ್ತಿ ತಿರುವಿದಳು: ಮುಗೀತು. ಮತ್ತೆ ಬೆರಳು ಮಡಿಸಿ ತನ್ನ ಕಡೆಗೆಳೆದಳು: ಬಾ.

ಅವನು ಕಣ್ಣೆತ್ತಿ ನೋಡುವ ತನಕ ಅವಳು ಅದನ್ನೇ ಮಾಡುತ್ತಿದ್ದಳು. ಆಮೇಲೆ ಅವನು ಒಂದು ಕಿವಿಯಿಂದ ಕೈ ತೆಗೆದು, ಅದೇ ಅಂಗೈಯನ್ನು ಅವಳಂತೆಯೇ ಮೆಲ್ಲಗೆ ತಿರುವಿದ.